ತಡವಾಗಿ ಬರುವ ಉತ್ತರ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಯಾವ ಊರಿನಲ್ಲೇ ನೀವು ಓದುತ್ತಿರಲಿ, ಕೈಕಾಲು ಸೆಟೆದುಕೊಂಡ, ಮಾತು ತೊಡರುವ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ನಿಮ್ಮ ಓಣಿಯಲ್ಲಿ ಕಂಡಿರಬಹುದು. 'ಅದಕ್ಕೇನೂ ತಿಳಿಯೂದಿಲ್ಲ ಬಿಡು' ಎಂಬ ಮಾತನ್ನೂ ಕೇಳಿರಬಹುದು. ಆ ಮಾತು ನಿಜವೇ?

ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ಪಾರ್ಶ್ವವಾಯು, ಬೆಳೆಯುತ್ತಿರುವ ಮೆದುಳಿಗೆ ಬಿದ್ದ ಪೆಟ್ಟಿನಿಂದ ಬರುತ್ತದೆ. ಪೆಟ್ಟು ಗರ್ಭದಲ್ಲೇ ಬೀಳಬಹುದು. ಹೆರಿಗೆಯ ವೇಳೆ ಆಮ್ಲಜನಕದ ಕೊರತೆಯಿಂದ, ಹುಟ್ಟಿದ ಮೇಲೆ ತೀವ್ರ ಕಾಮಾಲೆ ಅಥವಾ ಮೆದುಳಿನ ಸೋಂಕಿನಿಂದಲೂ ಬೀಳಬಹುದು. ಇದು ಅಂಟುರೋಗವಲ್ಲ. ಆದ ಪೆಟ್ಟು ದಿನೇ ದಿನೇ ಹೆಚ್ಚುವುದೂ ಇಲ್ಲ.

ಇಂಥವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬುದ್ಧಿಯ ಬೆಳವಣಿಗೆಯಲ್ಲೂ ಕೊರತೆ ಇರುತ್ತದೆ, ಉಳಿದವರಿಗೆ ಇರುವುದಿಲ್ಲ ಎಂದು ಅಧ್ಯಯನಗಳು ತೋರಿಸಿವೆ. ನಾಲ್ವರಲ್ಲಿ ಸುಮಾರು ಒಬ್ಬರಿಗೆ ಮಾತು ಬರುವುದಿಲ್ಲ. ಮಾತು ಬಾರದ ಮಗುವಿನ ಬುದ್ಧಿಯನ್ನು ಬಾಯಿಪಾಠದಿಂದ ಅಳೆದರೆ ಸೊನ್ನೆಯೇ ಸಿಗುತ್ತದೆ. ದೋಷ ತಕ್ಕಡಿಯದು.

ಆದ್ದರಿಂದ ಚಿಕಿತ್ಸೆಯ ಮೊದಲ ಕೆಲಸ, ಉತ್ತರ ಕೊಡಲು ಒಂದು ದಾರಿ ಮಾಡಿಕೊಡುವುದು. ನೀರು, ಊಟ, ಆಟ, ನೋವು ಎಂಬ ಚಿತ್ರಗಳನ್ನು ಒಂದು ಹಲಗೆಗೆ ಅಂಟಿಸಿದರೆ ಮಗು ಬೆರಳಿನಿಂದ ಅಥವಾ ಬರೀ ಕಣ್ಣೋಟದಿಂದ ಆರಿಸಬಲ್ಲದು. ಮುಂದೆ ಅದೇ ಹಲಗೆಗೆ ಅಕ್ಷರಗಳು ಬರುತ್ತವೆ. ದೃಷ್ಟಿ, ಶ್ರವಣ, ಮೂರ್ಛೆ ಇವನ್ನೂ ವೈದ್ಯರು ಪರೀಕ್ಷಿಸಬೇಕು. ಕಾಣದ ಚಿತ್ರವನ್ನು ಯಾರು ತಾನೇ ಗುರುತಿಸಿಯಾರು?

ದಾರಿ ಸಿಕ್ಕ ಮೇಲೆ ಯೋಚನಾಶಕ್ತಿಗೆ ಸಾಮು. ಗಮನ, ಕೇಳಿದ್ದನ್ನು ಕ್ಷಣಕಾಲ ಮನಸ್ಸಿನಲ್ಲಿ ಹಿಡಿದಿಡುವುದು, ಮುಂದಿನ ಹೆಜ್ಜೆ ಲೆಕ್ಕ ಹಾಕುವುದು, ಇವು ಮೂರು ಮುಖ್ಯ. ಕೆನಡಾದಲ್ಲಿ ರೂಪುಗೊಂಡ ಒಂದು ಪದ್ಧತಿಯಲ್ಲಿ ಮಗು ತಾನೇ ಗುರಿ ಹೇಳುತ್ತದೆ, ಉಪಾಯ ಯೋಚಿಸುತ್ತದೆ, ಮಾಡುತ್ತದೆ, ಸರಿಹೋಯಿತೇ ಎಂದು ನೋಡುತ್ತದೆ. ಅಂಗಿಯ ಗುಂಡಿ ಹಾಕುವುದನ್ನೂ ಇಂಡಿಯ ನಿಂಬೆಹಣ್ಣುಗಳನ್ನು ಸಣ್ಣದು, ದೊಡ್ಡದು ಎಂದು ವಿಂಗಡಿಸುವುದನ್ನೂ ಹೀಗೆ ಕಲಿಸಬಹುದು. ನಮ್ಮ ಚೌಕಾಬಾರವೂ ಒಳ್ಳೆಯ ಸಾಧನವೇ. ಕವಡೆಯನ್ನು ನೀವು ಹಾಕಿ, ಕಾಯಿಯನ್ನು ನೀವೇ ನಡೆಸಿ. ಯಾವ ಕಾಯಿ ಎಂಬುದನ್ನು ಮಾತ್ರ ಗೆಳೆಯ ಕಣ್ಣಿನಿಂದ ಹೇಳಲಿ. ಯೋಚನೆ ಅವನದು, ಕೈ ನಿಮ್ಮದು.

ಮೆದುಳಿನ ಪೆಟ್ಟನ್ನೇ ವಾಸಿಮಾಡುವ ಔಷಧ ಇನ್ನೂ ಇಲ್ಲ. ಉಳಿದ ಶಕ್ತಿಯನ್ನು ಬೆಳೆಸುವ ತರಬೇತಿ ಇದೆ. ಅದು ಎಷ್ಟು ಬೇಗ ಆರಂಭವಾದರೆ ಅಷ್ಟು ಒಳ್ಳೆಯದು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಈ ಕೆಲಸಕ್ಕೆ ಹೆಸರಾಗಿವೆ. ಆದರೆ ಕೂಲಿ ಬಿಟ್ಟು ತಾಯಿ ಅಷ್ಟು ದೂರ ಎಷ್ಟು ಸಲ ಹೋದಾಳು? ಹತ್ತಿರದ ಬಾಗಿಲುಗಳನ್ನು ತಿಳಿದಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಗಳು ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬಂದು ತಪಾಸಣೆ ಮಾಡುತ್ತವೆ. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಪಾಠ ಹೇಳಿಕೊಡುವ ಏರ್ಪಾಟಿನ ಬಗ್ಗೆ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸಬಹುದು.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಇದೂ ಒಂದು. ನಿಗದಿತ ಪ್ರಮಾಣದ ಅಂಗವೈಕಲ್ಯವಿರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕ, ಇವನ್ನೂ ಕಾಯ್ದೆ ಹೇಳುತ್ತದೆ. ಇದು ಯಾರೂ ಮಾಡುವ ಉಪಕಾರವಲ್ಲ.

ಇನ್ನು ನಿಮ್ಮ ಪಾಲಿನ ಕೆಲಸ. ಆ ಗೆಳೆಯನನ್ನು ಒಂದು ಪ್ರಶ್ನೆ ಕೇಳಿ. ಕೇಳಿ ಸುಮ್ಮನಿರಿ, ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ, ಬೇಕಾದರೆ ಇಪ್ಪತ್ತರವರೆಗೂ ಎಣಿಸಿ. ಪಕ್ಕದವರು ಅವನ ಪರವಾಗಿ ಉತ್ತರ ಹೇಳಹೊರಟರೆ ವಿನಯದಿಂದ ತಡೆಯಿರಿ. 'ತಿಳಿಯೂದಿಲ್ಲ' ಎನ್ನಿಸಿಕೊಂಡು ಶಾಲೆಯಿಂದ ಹೊರಗುಳಿದ ಒಂದು ಮಗುವಾದರೂ ನಿಮ್ಮ ಪಕ್ಕದ ಬೆಂಚಿಗೆ ಬಂದು ಕೂತರೆ, ಈ ಮಾತುಗಳು ಸಾರ್ಥಕ.