ಚರಂಡಿ ನೀರಿನ ಗೊಬ್ಬರ ಯಾರ ಪಾಲು?

(ಮುರುಗಮಲ್ಲದ ರೈತರ ಸಭೆಯಲ್ಲಿ ಆಡಿದ ಮಾತು)



ಮೊದಲು ಒಂದು ಲೆಕ್ಕ ಹಾಕೋಣ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ ನಮ್ಮ ಸೀಮೆಯ ಕೆರೆಗಳಿಗೆ ಬಿಡುವ ಯೋಜನೆಗಳು ನಿಮಗೆಲ್ಲ ಗೊತ್ತು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು 2018ರಲ್ಲಿ ಕೋಲಾರದ ಕಡೆ ಹರಿಯಿತು. ಅದರ ಗುರಿ ದಿನಕ್ಕೆ 44 ಕೋಟಿ ಲೀಟರ್. ಹೆಬ್ಬಾಳ-ನಾಗವಾರ ಕಣಿವೆಯದು ಚಿಕ್ಕಬಳ್ಳಾಪುರದ ಕಡೆಗೆ, 21 ಕೋಟಿ ಲೀಟರ್. ಪೂರಾ ಹರಿದರೆ ಎರಡೂ ಸೇರಿ 65 ಕೋಟಿ. ಲೀಟರಿಗೆ ಬರೀ 10 ಮಿಲಿಗ್ರಾಂ ಸಾರಜನಕ ಉಳಿದಿದೆ ಅಂತಲೇ ಇಟ್ಟುಕೊಳ್ಳಿ. ದಿನಕ್ಕೆ 6,500 ಕಿಲೋ ಆಯಿತು. 45 ಕಿಲೋ ಯೂರಿಯಾ ಮೂಟೆಯೊಳಗೆ ಸಾರಜನಕ ಇರೋದು 20 ಕಿಲೋ ಚಿಲ್ಲರೆ. ಅಂದರೆ ದಿನ ಬೆಳಗಾದರೆ ಮುನ್ನೂರಕ್ಕೂ ಮೇಲೆ ಮೂಟೆಯ ಸತ್ವ ನೀರಿನಲ್ಲಿ ಹೋಗುತ್ತೆ. ಶುದ್ಧಿಗೆ ಮೊದಲಿನ ಕೊಳಚೆಯಲ್ಲಾದರೆ ಇದರ ಮೂರು ನಾಲ್ಕು ಪಟ್ಟು.

ಅದು ಎಲ್ಲಿಂದ ಬಂತು ಸ್ವಾಮಿ? ನಾವು ಕಳಿಸಿದ ರಾಗಿ, ಅವರೆ, ಹಾಲು ಉಂಡವರ ಹೊಟ್ಟೆಯಿಂದ ಬಂತು. ನಮ್ಮ ಹೊಲದ ಸಾರ ಲಾರಿ ಹತ್ತಿ ಹೋಯಿತು, ಹಿಂದಕ್ಕೆ ಬಂದದ್ದು ಕೆರೆಗೆ ಪಾಚಿಯಾಗಿ, ಅಂತರಗಂಗೆಯಾಗಿ. ಇತ್ತ 2025ರ ಮುಂಗಾರಿನಲ್ಲಿ ರಾಜ್ಯದ ರೈತರು ಯೂರಿಯಾಕ್ಕೆ ಅಂಗಡಿ ಮುಂದೆ ಸಾಲುಗಟ್ಟಿ ನಿಂತರು.

ಇದರೊಳಗಿನ ತಮಾಷೆ ನೋಡಿ. ಕೆಲವು ಶುದ್ಧೀಕರಣ ಘಟಕಗಳಲ್ಲಿ ಕರೆಂಟು ಉರಿಸಿ, ಸೂಕ್ಷ್ಮಜೀವಿಗಳಿಂದ ಈ ಸಾರಜನಕವನ್ನು ಗಾಳಿಗೆ ಬಿಡಿಸುತ್ತಾರೆ. ಗೊಬ್ಬರದ ಕಾರ್ಖಾನೆಯಲ್ಲಿ ಅದೇ ಗಾಳಿಯಿಂದ ಸಾರಜನಕ ಹಿಡಿಯೋದಕ್ಕೆ ಗ್ಯಾಸು ಉರಿಸುತ್ತಾರೆ. ಆ ಗ್ಯಾಸಿನಲ್ಲಿ ದೊಡ್ಡ ಪಾಲು ಪರದೇಶದ್ದು. ಯುದ್ಧ ಅಲ್ಲೆಲ್ಲೋ ಆದರೆ ಬೆಲೆ ಏರುವುದು ಇಲ್ಲಿ. 2022-23ರಲ್ಲಿ ಕೇಂದ್ರದ ಗೊಬ್ಬರ ಸಬ್ಸಿಡಿ ಎರಡೂವರೆ ಲಕ್ಷ ಕೋಟಿ ದಾಟಿತು. ಹೆಸರು ರೈತನದು, ದುಡ್ಡು ಸೇರುವುದು ಕಂಪನಿಯ ಖಾತೆಗೆ.

ಈಗ ವಿಜ್ಞಾನಿಗಳು ಹಿಡಿದಿರುವ ದಾರಿ ಬೇರೆ. ಕೊಳಚೆಯಲ್ಲಿರುವ ನೈಟ್ರೇಟನ್ನು ಗಾಳಿಗೆ ಬಿಡುವುದು ಬೇಡ, ಅಲ್ಲೇ ಗೊಬ್ಬರ ಮಾಡಿ ಅಂತ. ನೀರಿನಲ್ಲಿ ಎರಡು ಲೋಹದ ತಗಡು ಇಳಿಬಿಟ್ಟು, ಬಿಸಿಲಿನ ಇಲ್ಲವೇ ಗಾಳಿಯ ಕರೆಂಟು ಹರಿಸುತ್ತಾರೆ. ಒಂದು ತಗಡಿನ ಹತ್ತಿರ ನೈಟ್ರೇಟಿನ ಆಮ್ಲಜನಕ ಕಳಚಿ, ನೀರಿನ ಜಲಜನಕ ಸೇರಿ ಅಮೋನಿಯಾ ಆಗುತ್ತೆ. ಅದನ್ನು ಗಂಧಕಾಮ್ಲದಲ್ಲಿ ಹಿಡಿದರೆ ಅಮೋನಿಯಂ ಸಲ್ಫೇಟ್. ನೂರು ಕಿಲೋಗೆ 21 ಕಿಲೋ ಸಾರಜನಕ, ಜೊತೆಗೆ ಗಂಧಕ. ನೆಲಗಡಲೆಗೆ ಗಂಧಕ ಎಷ್ಟು ಬೇಕೆಂದು ನಿಮಗೆ ನಾನು ಹೇಳಬೇಕೆ?

ಕರೆಂಟಿನಿಂದ ಗೊಬ್ಬರ ಅಂದರೆ ಕಟ್ಟುಕತೆಯಲ್ಲ. ನಾರ್ವೆಯಲ್ಲಿ 1905ರಲ್ಲೇ ಜಲಪಾತದ ವಿದ್ಯುತ್ತಿನಿಂದ ಗೊಬ್ಬರ ಮಾಡಿದರು. ನಮ್ಮ ದೇಶದಲ್ಲೇ, ಪಂಜಾಬಿನ ನಾಂಗಲ್‌ನಲ್ಲಿ 1961ರಲ್ಲಿ ಭಾಕ್ರಾದ ವಿದ್ಯುತ್ತಿನಿಂದ ನೀರು ಒಡೆದು, ಆ ಜಲಜನಕದಿಂದ ಅಮೋನಿಯಾ ತೆಗೆದರು. ಆಮೇಲೆ ಕರೆಂಟಿಗೆ ಬೇರೆ ಕಡೆ ಬೇಡಿಕೆ ಹೆಚ್ಚಿತು, ಕಾರ್ಖಾನೆ ಎಣ್ಣೆಗೆ ತಿರುಗಿತು. ಈ ಕೆಲಸದಲ್ಲಿ ಎಲ್ಲ ನಿಂತಿರೋದು ಕರೆಂಟಿನ ಬೆಲೆ ಮೇಲೆ.

ಹಾಗಂತ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬೇಡಿ. ಕೊಳಚೆಯಲ್ಲಿ ನೈಟ್ರೇಟು ಬಲು ತೆಳು, ಮೊದಲು ಅದನ್ನು ಗಟ್ಟಿ ಮಾಡಬೇಕು. ತಗಡು ಸವೆಯುತ್ತೆ, ಕೊಳಕು ಅಂಟುತ್ತೆ. ಸೂರ್ಯ ಮುಳುಗಿದರೆ ಕರೆಂಟಿಲ್ಲ. ಕೆಲಸ ಹೆಚ್ಚಾಗಿ ಪ್ರಯೋಗಶಾಲೆಯಲ್ಲೇ ಇದೆ. ನಾಳೆ ಯಾರಾದರೂ ಬಂದು ‘ಬ್ಯಾಂಕಿನಲ್ಲಿ ಸಾಲ ಕೊಡಿಸ್ತೀವಿ, ಹೊಲದಲ್ಲೇ ಗೊಬ್ಬರದ ಯಂತ್ರ ಇಡಿ’ ಅಂದರೆ ಪಹಣಿ ಕೈಗೆ ಕೊಡಬೇಡಿ. ಇದು ಒಂಟಿ ರೈತನ ಯಂತ್ರವಲ್ಲ, ನಗರದ ಶುದ್ಧೀಕರಣ ಘಟಕದ ಬಾಗಿಲಲ್ಲಿ ಇರಬೇಕಾದ್ದು. ಖರ್ಚೂ ಕೊಳಕು ಮಾಡಿದವರದೇ. ಸಗಣಿಗೆ, ರೇಷ್ಮೆ ಹುಳುವಿನ ಹಿಕ್ಕೆಗೆ ನಿಮ್ಮ ತಿಪ್ಪೆ, ಗೋಬರ್ ಗ್ಯಾಸ್ ಗುಂಡಿ ಸಾಕು.

ನನ್ನ ತಕರಾರು ಬೇರೆ ಇದೆ. ಪಾವಗಡ ನೋಡಿ ಬನ್ನಿ. ಸುಮಾರು 13,000 ಎಕರೆಯಲ್ಲಿ ಸೌರ ಫಲಕ. ರೈತರು ಭೂಮಿ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಭೂಮಿ ಉಳಿಯಿತು, ಸರಿ. ಆದರೆ ಕರೆಂಟಿನ ಲಾಭದಲ್ಲಿ ಪಾಲುಂಟೆ? ಇಲ್ಲ. ಗೊಬ್ಬರದಲ್ಲೂ ಹೀಗೇ ಆದರೆ, ನಮ್ಮ ಹೊಲದ ಸಾರವನ್ನು ನಮ್ಮ ಬಿಸಿಲಿನಲ್ಲಿ ಬೇಯಿಸಿ, ‘ಹಸಿರು’ ಅಂತ ಚೀಟಿ ಅಂಟಿಸಿ, ನಮಗೇ ಹೆಚ್ಚು ಬೆಲೆಗೆ ಮಾರುತ್ತಾರೆ. ಹಾಲಿನ ಸೊಸೈಟಿ ಹಾಗೆ ರೈತರ ಸಹಕಾರ ಸಂಘಕ್ಕೆ ಇದರಲ್ಲಿ ಪಾಲು ಬೇಕು. ನೀರು ಬಿಡುವ ಒಪ್ಪಂದದಲ್ಲೇ ಅದನ್ನು ಬರೆಸಬೇಕು. ಮೂರನೇ ಹಂತದ ಶುದ್ಧಿ ಕೇಳುವಾಗ, ತೆಗೆದ ಸಾರಜನಕ ಎಲ್ಲಿಗೆ ಹೋಗುತ್ತೆ ಅಂತಲೂ ಕೇಳಿ.

ಅಲ್ಲಿವರೆಗೆ ಈ ಕೆಲಸ ಮಾಡಿ. ಕೆರೆ ಕೆಳಗಿನ ಬಾವಿ, ಬೋರ್‌ವೆಲ್ ನೀರನ್ನು ಪಂಚಾಯಿತಿಯಿಂದ ಪರೀಕ್ಷೆ ಮಾಡಿಸಿ. ಲೀಟರಿಗೆ 45 ಮಿಲಿಗ್ರಾಂ ಮೀರಿ ನೈಟ್ರೇಟ್ ಇದ್ದರೆ ಕುಡಿಯೋಕೆ ಬಾರದು, ಹಸುಗೂಸುಗಳಿಗಂತೂ ಅಪಾಯ, ಕುದಿಸಿದರೂ ಹೋಗೋದಿಲ್ಲ. ವರದಿ ಬಂದ ಮೇಲೆ ಊರ ಹೆಸರು, ಕೆರೆ ಹೆಸರು, ತಾರೀಖು ಬರೆದು ಮುಂದಿನ ಗ್ರಾಮಸಭೆಗೆ ತನ್ನಿ.