ಮಹಿಳೆಯರ ಹಕ್ಕು ಮತ್ತು ನಮ್ಮ ಸಂಘದ ಹೊಣೆ

(ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)

ಹಿಂದಿನ ಸಾಲಿನಲ್ಲಿ ಕುಳಿತ ತಾಯಂದಿರೇ,

ನಾವು ಓದಿದ್ದು ಎಸ್.ಎಸ್.ಎಲ್.ಸಿ. ಮಾತ್ರ. ಭಾಷಣಕ್ಕಿಂತ ರಂಟೆ ಹೊಡಿಯೋದು ನಮಗ ಸುಲಭ. ಆದರೂ ಹಿರಿಯರ ಅಪ್ಪಣೆಯಂತೆ ನಾಲ್ಕು ಮಾತು ಹೇಳುತ್ತೇವೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಈ ಸೀಮೆ ರಾಣಿ ಚೆನ್ನಮ್ಮನ ಹೆಸರಿನಿಂದ ಬೆಳಗಿದ್ದು. 1824ರಲ್ಲಿ ಕಿತ್ತೂರಿನಲ್ಲಿ ಕಂಪನಿ ಸರಕಾರದ ಎದುರು ನಿಂತ ಆ ತಾಯಿ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಇದೇ ನೆಲದಾಗ ಎಲ್ಲಮ್ಮನ ಹೆಸರಿನಲ್ಲಿ ಬಡವರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವ ಪದ್ಧತಿಯೂ ನಡೆದು ಬಂತು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ.

ಸರಕಾರ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧಿಸಿ ಕಾಯ್ದೆ ಮಾಡಿತು. ಆದರೆ ಬರೇ ಕಾಯ್ದೆಯಿಂದ ಹೊಟ್ಟಿ ತುಂಬೂದಿಲ್ಲ. ಅದಕ್ಕಾಗಿ, 1987ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಮುಂದೆ ಅವರ ಪುನರ್ವಸತಿ ಕೆಲಸ ಕೈಗೆತ್ತಿಕೊಂಡಿತು. ಉದ್ಯೋಗಿನಿ ಯೋಜನೆಯಲ್ಲಿ ಬ್ಯಾಂಕು ಸಾಲ ಕೊಟ್ಟರೆ ನಿಗಮ ಸಹಾಯಧನ ಕೊಡುತ್ತದೆ. ದಿಲ್ಲಿಯಲ್ಲಿ 1992ರಲ್ಲಿ ರಾಷ್ಟ್ರೀಯ ಮಹಿಳಾ ಆಯೋಗ ಬಂತು. ನಮ್ಮ ರಾಜ್ಯದ ಆಯೋಗಕ್ಕೆ 1995ರಲ್ಲಿ ಕಾಯ್ದೆಯಾಯಿತು. ಆಯೋಗ ದೂರು ಕೇಳುತ್ತದೆ, ಅಧಿಕಾರಿಗಳಿಂದ ವರದಿ ತರಿಸುತ್ತದೆ, ಸರಕಾರಕ್ಕೆ ಶಿಫಾರಸು ಮಾಡುತ್ತದೆ. ತಾನೇ ಶಿಕ್ಷೆ ವಿಧಿಸುವುದಿಲ್ಲ. ಅಂದಮೇಲೆ ಕೆಳಗಿನ ಕಚೇರಿ, ಪಂಚಾಯತಿ, ಸೊಸಾಯಟಿ ಕೈಗೂಡಿಸದಿದ್ದರೆ ಮೇಲಿನ ಮಂಡಳಿಗಳು ಕಾಗದದಾಗ ಉಳೀತಾವ.

ಈಗ ನಮ್ಮ ತಪ್ಪು ಹೇಳುತ್ತೇವೆ. ನಮ್ಮ ಆಡಳಿತ ಮಂಡಳಿಯಲ್ಲಿ ಹೆಣ್ಣುಮಕ್ಕಳಿಗೆ ಎರಡು ಸ್ಥಾನ ಮೀಸಲು. ಇಬ್ಬರು ತಾಯಂದಿರು ಆರಿಸಿ ಬಂದರು. ನಾವು ಠರಾವಿನ ಬುಕ್ಕು ಸಿಪಾಯಿ ಕೈಯಾಗ ಕೊಟ್ಟು ಅವರ ಮನಿಗೆ ಕಳಿಸಿದಿವಿ. ಸಹಿ ಬಂತು, ಅವರು ಬರಲಿಲ್ಲ. ಒಂದು ದಿವಸ ಅವರಲ್ಲಿ ಒಬ್ಬರು ಬುಕ್ಕು ಹಿಡಕೊಂಡು ಕಚೇರಿಗೇ ಬಂದು, "ಯಣ್ಣಾ, ಇದರಾಗ ಏನು ಬರದೈತಿ ಓದಿ ಹೇಳ್ರಿ, ಆಮ್ಯಾಲೆ ಸಹಿ ಮಾಡತೀನಿ" ಅಂದರು.

ಓದಿದೆವು. ಗಂಡ ತೀರಿಕೊಂಡ ಒಬ್ಬ ಹೆಣ್ಣುಮಗಳ ಬೆಳೆಸಾಲದ ಅರ್ಜಿ ತಿರಸ್ಕರಿಸಿದ ಠರಾವು ಅದು. ಕಾರಣ, ಉತಾರದಲ್ಲಿ ಆಕೆಯ ಹೆಸರಿಲ್ಲ. "ಹೆಸರು ಹಚ್ಚಸಾಕ ಆಕಿ ಜೋಡಿ ಯಾರರ ಹೋಗಿರೇನು?" ಎಂದು ಕೇಳಿದರು. ನಾವು ತಲೆ ತಗ್ಗಿಸಿದೆವು. ಆ ತಾಯಿಯೇ ಆಕೆಯನ್ನು ಕರಕೊಂಡು ತಲಾಠಿ ಕಚೇರಿಗೆ ಅಡ್ಡಾಡಿದರು. ವಾರಸಾ ದಾಖಲಾಯಿತು. ಮುಂದಿನ ಹಂಗಾಮಿಗೆ ನಮ್ಮ ಸಂಘದಿಂದಲೇ ಸಾಲ ಸಿಕ್ಕಿತು. ಹಕ್ಕು ಮೊದಲೇ ಇತ್ತು. ಜೊತೆಗೆ ಹೋಗುವವರು ಇರಲಿಲ್ಲ.

ಆದ್ದರಿಂದ ಇಂದಿನ ಸಭೆಯಲ್ಲಿ ಮೂರು ವಿನಂತಿ: ಠರಾವಿನ ಬುಕ್ಕು ಕಚೇರಿ ಬಿಟ್ಟು ಹೊರಗೆ ಹೋಗಬಾರದು. ಹೆಣ್ಣುಮಕ್ಕಳು ಬರಲಿಕ್ಕೆ ಅನುಕೂಲವಾದ ವೇಳೆಗೆ ಸಭೆ ಕರೆಯಬೇಕು. ಉತಾರದಲ್ಲಿ ಹೆಸರಿಲ್ಲವೆಂದು ಅರ್ಜಿ ತಿರುಗಿಸುವ ಮೊದಲು ಹೆಸರು ಹಚ್ಚಿಸಲು ಸಂಘ ನೆರವಾಗಬೇಕು.

ಬೆಂಗಳೂರಿನ ಆಯೋಗ ದೂರ ಐತಿ. ಸಂಘದ ಬಾಗಿಲು ಹತ್ತಿರ ಐತಿ. ಇಪ್ಪತ್ತೈದು ವರ್ಷ ಹಿಂದಿನ ಸಾಲಿನಲ್ಲಿ ಕುಳಿತ ತಾಯಂದಿರು ಮುಂದಿನ ಸಭೆಗೆ ಮುಂದಿನ ಸಾಲಿಗೆ ಬರಲಿ ಎಂದು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.