ಪುಕ್ಕಟೆಯ ಪುಸ್ತಕ



ಕಳೆದ ತಿಂಗಳು ನಮ್ಮ ವಾಟ್ಸಾಪ್ ಬಳಗಕ್ಕೆ ಈಚಿನ ಕಾದಂಬರಿಯೊಂದರ ಪಿಡಿಎಫ್ ಬಂದಿತು. ಎಲ್ಲಿಂದ ಬಂದಿತೆಂದು ಕೇಳದೆ ನಾವೆಲ್ಲ ಇಳಿಸಿಕೊಂಡೆವು. ಊರಿನ ನೆಂಟರಿಗೂ ದಾಟಿಸಿದೆವು. ಪುಣೆಯಲ್ಲಿ ಕನ್ನಡ ಪುಸ್ತಕ ಸಿಕ್ಕುವುದು ದುರ್ಲಭವೆಂಬುದು ನಮ್ಮ ಸಮಾಧಾನ. ಅದು ಸುಳ್ಳೂ ಅಲ್ಲ. ಆದರೆ ಧಾರವಾಡದಿಂದ ಅಂಚೆಯಲ್ಲಿ ತರಿಸಬಾರದೆ?

ಇದೇ ಪುಣೆಯ ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಗಳಗನಾಥರು ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ಮಾರಿದವರು. 1942ರಲ್ಲಿ ತೀರಿಕೊಂಡ ಅವರ ಬರಹವನ್ನು ಇಂದು ಧಾರಾಳವಾಗಿ ಹಂಚಬಹುದು. ಲೇಖಕನು ತೀರಿಕೊಂಡು 60 ವರ್ಷ ಕಳೆದರೆ ಕೃತಿ ಎಲ್ಲರದು ಎನ್ನುತ್ತದೆ, 1957ರ ಕೃತಿಸ್ವಾಮ್ಯ ಕಾಯಿದೆಯ ಈಗಿನ ರೂಪ. ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಬೇಂದ್ರೆಯವರದು ಹಾಗಲ್ಲ. ಅವರು ತೀರಿಕೊಂಡುದು 1981ರಲ್ಲಿ, ಆದುದರಿಂದ 2041 ಮುಗಿಯಬೇಕು.

ಕಾಯಿದೆಯ ಮಾತು ಅತ್ತ ಇರಲಿ. ಸಾವಿರ ಪ್ರತಿ ಮಾರಿದರೆ ಹಬ್ಬವೆನ್ನುವ ಕನ್ನಡ ಪ್ರಕಾಶಕನಿಗೆ ನೂರು ಮನೆಗಳ ಪುಕ್ಕಟೆ ಓದು ಸಣ್ಣ ಪೆಟ್ಟೇನು? ನವೆಂಬರ್ ಬಂದರೆ ಭುವನೇಶ್ವರಿಗೆ ಆರತಿ ಎತ್ತುವವರೂ ನಾವೇ!

ಆ ಪ್ರತಿಯನ್ನು ಬಳಗದಿಂದ ಅಳಿಸಿದ್ದೇವೆ. ಊರಿನವರ ಫೋನಿನಿಂದ ಅಳಿಸುವ ಉಪಾಯ ನಮಗೆ ತಿಳಿಯದು. ಎಂಟು ಪುಸ್ತಕಗಳಿಗೆ ಹಣ ಕಳಿಸಿಯಾಗಿದೆ. ಇನ್ನೂ ಬೇಕಾದವರು ಇಂದೇ ಹೆಸರು ಬರೆಯಿಸಿರಿ.